ಚೌಕಿ ಮನೆಯೊಳಗೊಂದು ಮೊರಾಕ್ಕೊ: ಕ್ಯಾಮೆರಾದ ಕಣ್ಣಿನಲ್ಲಿ ಒಂದು ಕೆಫೆ

ಕುಮಟಾ ಮತ್ತು ಹೊನ್ನಾವರದ ನಡುವೆ, ರಾಷ್ಟ್ರೀಯ ಹೆದ್ದಾರಿ 66ರಿಂದ ತುಸು ಒಳಕ್ಕೆ, ಅಡಿಕೆ ತೋಟದ ಅಂಚಿನಲ್ಲಿದ್ದ, ನಡುವೆ ತೆರೆದ ಅಂಗಳವಿರುವ ಹಳೆಯ ಚೌಕಿ ಮನೆಯೊಂದನ್ನು ದುರಸ್ತಿ ಮಾಡಿಸಿ, ಮೊರಾಕ್ಕೊ ಶೈಲಿಯ ಕೆಫೆ ಎಂದು ತೆರೆದಿದ್ದಾರೆ. ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಆ ದಾರಿಯಲ್ಲಿ ಓಡಾಡುವವರಿಗೆ ಅಡಿಕೆ ಮರಗಳ ನಡುವೆ ಕಣ್ಣಿಗೆ ರಾಚುವ ಕಡುನೀಲಿ ಹೆಬ್ಬಾಗಿಲೇ ಸಾಕಷ್ಟು ಗುರುತು. ಶಿರಸಿಯಿಂದ ದೇವಿಮನೆ ಘಾಟಿ ಇಳಿದು ಬರುವ ಮದುವೆ ಫೋಟೊಗ್ರಾಫರುಗಳೂ, ಕಾರವಾರದ ಕಡೆಯಿಂದ ಬರುವ ಕಾಲೇಜು ಹುಡುಗರೂ ಇಲ್ಲಿಗೆ ಮುಖ್ಯವಾಗಿ ಚಿತ್ರ ತೆಗೆಯಲೆಂದೇ ಬರುತ್ತಿರುವುದರಿಂದ, ಈ ವಿಮರ್ಶೆಯಲ್ಲಿ ತಿಂಡಿ-ತೀರ್ಥಕ್ಕಿಂತ ಬೆಳಕು, ಗೋಡೆ, ನೆಲ ಮತ್ತು ಮಾಡಿನ ಬಗ್ಗೆಯೇ ಹೆಚ್ಚು ಬರೆದಿದ್ದೇನೆ. ನಾನು ಶಿರಸಿ ಸೀಮೆಯ ಹಳೆಯ ಮನೆಗಳನ್ನು ಬಹಳ ಕಾಲದಿಂದ ಚಿತ್ರಿಸುತ್ತ ಬಂದವನು. ಮೊರಾಕ್ಕೊದ ಮರಾಕೆಶ್ ನಗರದ ಹಳೇ ಪೇಟೆಯಲ್ಲಿ, ದುರಸ್ತಿಯಾದ ಅಂಗಳದ ಮನೆಯೊಂದರಲ್ಲಿ ನಡೆಯುತ್ತಿದ್ದ ಕೆಫೆಯನ್ನೂ ಚಿತ್ರಿಸಿದ್ದೇನೆ. ಎರಡನ್ನೂ ಕಂಡವನಾಗಿ ಹೇಳುವುದಾದರೆ, ಈ ಕೆಫೆಯಲ್ಲಿ ಮೊರಾಕ್ಕೊದಿಂದ ಎರವಲು ತಂದದ್ದೆಲ್ಲ ಚಿತ್ರದಲ್ಲಿ ಸಪ್ಪೆಯಾಗಿ ಕಾಣುತ್ತದೆ. ಮುಟ್ಟದೆ ಬಿಟ್ಟ ಭಾಗಗಳು ಮಾತ್ರ ಯಾವ ಲೆನ್ಸಿಗೂ ಒಲಿಯುತ್ತವೆ.

ಮೊದಲು ದುರಸ್ತಿಯ ಕೆಲಸಕ್ಕೆ ಸಲ್ಲಬೇಕಾದ ಮೆಚ್ಚುಗೆಯನ್ನು ಸಲ್ಲಿಸಬೇಕು. ಮಾಡಿನ ಹೆಂಚುಗಳನ್ನು ಇಳಿಸಿ, ಹುಳು ಹಿಡಿದ ಪಕಾಸು, ರೀಪುಗಳನ್ನು ಬದಲಿಸಿ, ಹಳೆಯ ಹೆಂಚುಗಳನ್ನೇ ತೊಳೆದು ಮತ್ತೆ ಹೊದಿಸಿದ್ದಾರೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಕರಾವಳಿಯ ಉದ್ದಕ್ಕೂ ಹರಡಿದ ಆ ಚಪ್ಪಟೆ ಹೆಂಚುಗಳಿಗೆ ವಯಸ್ಸಾದಂತೆ ಒಂದೊಂದಕ್ಕೂ ಒಂದೊಂದು ಬಣ್ಣ ಬರುತ್ತದೆ. ಹೊಸ ಹೆಂಚು ಹಾಕಿದ್ದರೆ ಮಾಡು ಪೂರ್ತಿ ಒಂದೇ ಕೆಂಪಿನ ಹಾಳೆಯಂತೆ ಕಾಣುತ್ತಿತ್ತು. ಜಗುಲಿಯ ಕಂಬಗಳಿಗೆ ಹಿಂದೆಂದೋ ಬಳಿದಿದ್ದ ಹಸಿರು ಎನಾಮಲ್ ಬಣ್ಣವನ್ನು ಕೆರೆದು ತೆಗೆದು, ಗೇರೆಣ್ಣೆ ಹಚ್ಚಿ ಬಿಟ್ಟಿದ್ದಾರೆ. ಕಂಬದ ತಲೆಯ ಮೇಲಿನ ಬೋದಿಗೆಯ ಕೆತ್ತನೆಯ ಸಂದುಗಳಲ್ಲಿ ಇನ್ನೂ ಎಳ್ಳಿನಷ್ಟು ಹಸಿರು ಉಳಿದಿದೆ. ಅದನ್ನೂ ಕೆರೆಯಲು ಹೋಗದಿದ್ದುದು ಬಡಗಿಯ ಜಾಣತನವೆಂದೇ ನನ್ನ ಎಣಿಕೆ, ಏಕೆಂದರೆ ಹತ್ತಿರದಿಂದ ತೆಗೆದ ಚಿತ್ರದಲ್ಲಿ ಕಪ್ಪು ಮರದ ನಡುವೆ ಆ ಹಸಿರಿನ ಚೂರೇ ಕಣ್ಣನ್ನು ಹಿಡಿದು ನಿಲ್ಲಿಸುತ್ತದೆ.

ಇನ್ನು ಹೆಬ್ಬಾಗಿಲು. ಆ ನೀಲಿ ಬಣ್ಣವನ್ನು ಮೊರಾಕ್ಕೊದ ಹಳೆಯ ಮನೆಗಳ ಬಣ್ಣವೆಂದು ಕೆಫೆಯವರು ಹೇಳುತ್ತಾರೆ. ಮರಾಕೆಶ್‌ನಲ್ಲಿ ಆ ಕಡುನೀಲಿಯನ್ನು ಪ್ರಸಿದ್ಧಿಗೆ ತಂದವನು ಜಾಕ್ ಮಜೊರೆಲ್ ಎಂಬ ಫ್ರೆಂಚ್ ಚಿತ್ರಕಾರ. 1937ರಲ್ಲಿ ಅವನು ತನ್ನ ತೋಟದ ಕಟ್ಟಡಕ್ಕೆ ಅದನ್ನು ಬಳಿಸಿದ. ಹಳೇ ಪೇಟೆಯ ಗೋಡೆಗಳಾದರೋ ಕೆಮ್ಮಣ್ಣಿನ ಬಣ್ಣದವು, ನಮ್ಮ ಚಿರೆಕಲ್ಲಿಗೆ ಹತ್ತಿರದ ನೆಂಟರು. ಇದನ್ನು ಹೇಳುತ್ತಿರುವುದು ಪಾಂಡಿತ್ಯಕ್ಕಲ್ಲ, ಚಿತ್ರಕ್ಕೆ ಸಂಬಂಧಿಸಿದ ಕಾರಣವೊಂದಕ್ಕೆ. ಅಷ್ಟು ಗಾಢವಾದ ನೀಲಿಯ ಪಕ್ಕದಲ್ಲಿ ನಿಂತವರ ಮುಖದ ಮೇಲೆ ಅದರ ಛಾಯೆ ಬೀಳುತ್ತದೆ, ಮೋಡ ಮುಸುಕಿದ ದಿನವಂತೂ ಕೆನ್ನೆಗಳು ಬೂದಿಯಾಗುತ್ತವೆ. ಬಾಗಿಲಿಗೆ ಒರಗಿ ನಿಲ್ಲುವುದರ ಬದಲು ಅದರಿಂದ ಆರೇಳು ಅಡಿ ಮುಂದೆ, ಚಿರೆಕಲ್ಲಿನ ಮೆಟ್ಟಿಲ ಮೇಲೆ ನಿಂತರೆ ನೆಲದ ಕೆಂಪು ಮುಖಕ್ಕೆ ಮರಳಿ ಬರುತ್ತದೆ.

ಬಾಗಿಲು ದಾಟಿದ ಕೂಡಲೇ ಎದುರಿಗೆ ಒಂದು ಅಡ್ಡಗೋಡೆ. ಬಲಕ್ಕೆ ತಿರುಗಿ, ಮತ್ತೆ ಎಡಕ್ಕೆ ಹೊರಳಿದ ಮೇಲಷ್ಟೇ ಅಂಗಳ ಕಾಣಬೇಕೆಂಬುದು ಇದರ ಉದ್ದೇಶ. ಮರಾಕೆಶ್, ಫೆಜ್‌ಗಳ ಹಳೆಯ ಮನೆಗಳಲ್ಲಿ ಇಂಥ ತಿರುವಿನ ಪ್ರವೇಶ ನಿಜವಾಗಿಯೂ ಇದೆ. ಅಲ್ಲಿ ಮನೆಯ ಹೊರಗೋಡೆ ನೇರವಾಗಿ ಜನ ಓಡಾಡುವ ಓಣಿಗೆ ತಾಗಿರುತ್ತದೆ. ಆ ಗೋಡೆಯಲ್ಲಿ ಕಿಟಕಿಗಳೂ ಅಪರೂಪ. ಬಾಗಿಲು ತೆರೆದಾಗ ದಾರಿಹೋಕನ ಕಣ್ಣು ಮನೆಯೊಳಗೆ ಬೀಳಬಾರದೆಂದು ದಾರಿಯನ್ನೇ ಸೊಟ್ಟಗೆ ಕಟ್ಟಿದರು. ನಮ್ಮ ಈ ಮನೆಯಾದರೋ ತೋಟದ ನಡುವೆ ಒಂಟಿಯಾಗಿ ನಿಂತಿದೆ. ಹೆಬ್ಬಾಗಿಲ ಮುಂದೆ ಅಡಿಕೆ ಒಣಗಿಸುವ ದೊಡ್ಡ ಅಂಗಳ, ಅದರಾಚೆ ಬೇಲಿಯ ದಣಪೆ. ಇಣುಕಲು ಯಾರೂ ಇಲ್ಲದ ಜಾಗದಲ್ಲಿ ಮರೆ ಕಟ್ಟಿದಂತಾಗಿದೆ. ನನ್ನ ದೊಡ್ಡ ತಕರಾರು ಇದೇ. ಚೌಕಿ ಮನೆಯನ್ನು ಚಿತ್ರಿಸುವವರಿಗೆ ಸಿಗುವ ಅತ್ಯಂತ ಒಳ್ಳೆಯ ಕೋನವೆಂದರೆ ಹೆಬ್ಬಾಗಿಲ ದಾರಂದವನ್ನೇ ಚೌಕಟ್ಟು ಮಾಡಿಕೊಂಡು, ಮುಂದಿನ ಜಗುಲಿಯ ಕತ್ತಲು, ನಡುವೆ ಅಂಗಳದ ಬೆಳಕು, ಅದರಾಚೆ ಮತ್ತೊಂದು ಜಗುಲಿಯ ಕತ್ತಲು ಎಂದು ಮೂರು ಪದರಗಳನ್ನು ಒಂದೇ ಚಿತ್ರದಲ್ಲಿ ಹಿಡಿಯುವುದು. ಆರೆಂಟು ಇಂಚು ದಪ್ಪದ ಜಿಪ್ಸಮ್ ಹಲಗೆಯ ಗೋಡೆಯೊಂದು ಇದನ್ನು ಪೂರ್ತಿ ಮುಚ್ಚಿಹಾಕಿದೆ. ಸಮಾಧಾನದ ಸಂಗತಿಯೆಂದರೆ ಅದು ಹಲಗೆಯ ಗೋಡೆ, ಕಲ್ಲಿನದ್ದಲ್ಲ; ಮನಸ್ಸು ಮಾಡಿದರೆ ಒಂದು ಬೆಳಗಿನಲ್ಲಿ ಬಿಚ್ಚಿ ತೆಗೆಯಬಹುದು.

ಅಂಗಳದ ಬೆಳಕಿನ ಬಗ್ಗೆ ವಿವರವಾಗಿಯೇ ಬರೆಯಬೇಕಾಗಿದೆ, ಏಕೆಂದರೆ ಮೊರಾಕ್ಕೊದ ರಿಯಾದ್‌ಗೂ ನಮ್ಮ ಚೌಕಿ ಮನೆಗೂ ಇರುವ ವ್ಯತ್ಯಾಸವೆಲ್ಲ ಅಲ್ಲೇ ಇದೆ. ರಿಯಾದ್ ಎಂದರೆ ನಡುವೆ ಗಿಡಮರಗಳ ಅಂಗಳ, ಸಾಮಾನ್ಯವಾಗಿ ಒಂದು ಕಾರಂಜಿ, ಸುತ್ತ ಎರಡು ಅಂತಸ್ತಿನ ನೆಟ್ಟನೆಯ ಗೋಡೆಗಳಿರುವ ಮನೆ. ಮರಾಕೆಶ್ ಇರುವುದು ಸುಮಾರು 31.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನ ಕೊನೆಯಲ್ಲಿ ನಡುಮಧ್ಯಾಹ್ನವೂ ಅಲ್ಲಿ ಸೂರ್ಯ 35 ಡಿಗ್ರಿಗಿಂತ ಮೇಲೇರುವುದಿಲ್ಲ. ಅಷ್ಟೆತ್ತರದ ಗೋಡೆಗಳ ನಡುವೆ ಬಿಸಿಲು ನೆಲ ಮುಟ್ಟುವುದೇ ಇಲ್ಲ, ಉತ್ತರದ ಗೋಡೆಯ ಮೇಲ್ಭಾಗಕ್ಕೆ ಮಾತ್ರ ಬಿದ್ದು ಅಲ್ಲಿಂದ ಪುಟಿದು ಕೆಳಗಿಳಿಯುತ್ತದೆ. ಹಾಗಾಗಿ ಅಲ್ಲಿ ತೆಗೆದ ಚಿತ್ರಗಳಲ್ಲಿ ನೆರಳಿಗೆ ಗಡಸುತನವಿಲ್ಲ, ಬೆಳಕು ಎಲ್ಲಿಂದ ಬಂತೆಂದು ಹೇಳುವುದೇ ಕಷ್ಟ. ಬಿಳಿ ಗಚ್ಚಿನ ಕೆತ್ತನೆ, ಮೆರುಗಿನ ಹಂಚಿನ ಚೂರುಗಳ ನೆಲ, ನಯಗೊಳಿಸಿದ ಸುಣ್ಣದ ಗೋಡೆ ಎಲ್ಲವೂ ಆ ಪುಟಿದ ಬೆಳಕಿಗೆಂದೇ ಮಾಡಿದಂತಿವೆ.

ಕುಮಟಾ ಇರುವುದು ಸುಮಾರು 14.4 ಡಿಗ್ರಿಯಲ್ಲಿ. ಡಿಸೆಂಬರಿನಲ್ಲೂ ಇಲ್ಲಿ ನಡುಹೊತ್ತಿನ ಸೂರ್ಯ 52 ಡಿಗ್ರಿಯಷ್ಟು ಮೇಲಿರುತ್ತಾನೆ. ಏಪ್ರಿಲ್ ಕೊನೆಯ ದಿನಗಳಲ್ಲಿ ಮತ್ತೆ ಆಗಸ್ಟ್ ಮಧ್ಯದಲ್ಲಿ ಸರಿಯಾಗಿ ನೆತ್ತಿಯ ಮೇಲೆಯೇ ಬರುತ್ತಾನೆ. ನಮ್ಮ ಮನೆಗಳಲ್ಲಿ ಅಂಗಳದ ಸುತ್ತ ಎತ್ತರದ ಗೋಡೆಯಿಲ್ಲ, ಬದಲಿಗೆ ಏಳೂವರೆ ಅಡಿಯವರೆಗೂ ಇಳಿದು ಬಂದ ಸೂರು ಇದೆ. ಇದರ ಪರಿಣಾಮವಾಗಿ ಬಿಸಿಲು ಅಂಗಳಕ್ಕೆ ಅಂಚು ಕೊರೆದ ಚೌಕವಾಗಿಯೇ ಬೀಳುತ್ತದೆ. ಚಳಿಗಾಲದ ನಡುಹೊತ್ತಿನಲ್ಲಿ, ಅಂದರೆ ನಮ್ಮಲ್ಲಿ ಹನ್ನೆರಡೂವರೆಯ ಸುಮಾರಿಗೆ, ಆ ಚೌಕ ಆರು ಅಡಿಯಷ್ಟು ಉತ್ತರಕ್ಕೆ ಸರಿದು ಜಗುಲಿಯೊಳಗೇ ನುಗ್ಗುತ್ತದೆ. ಏಪ್ರಿಲ್ ಕೊನೆಯಲ್ಲಿ ಸೂರಂಚಿನ ನೆರಳು ನೆಟ್ಟಗೆ ಅಂಗಳದ ಅಂಚಿಗೇ ಬಂದು ಕೂರುತ್ತದೆ. ಜಗುಲಿಯಲ್ಲಿ ಕುಳಿತವರ ಮುಖಕ್ಕೆ ಬೆಳಕು ಕೆಳಗಿನಿಂದ, ಅಂಗಳದ ನೆಲದಿಂದ ಪುಟಿದು ಬರುತ್ತದೆ. ಹಳೆಯ ಮನೆಗಳಲ್ಲಿ ಅಜ್ಜ-ಅಜ್ಜಿಯರ ಚಿತ್ರ ತೆಗೆದವರಿಗೆಲ್ಲ ಗೊತ್ತಿರುವ ಬೆಳಕು ಇದು, ಕಣ್ಣಿನ ಕೆಳಗಿನ ನೆರಳನ್ನು ಅಳಿಸಿ ಸುಕ್ಕುಗಳನ್ನು ಮಾತ್ರ ಉಳಿಸುವಂಥದು.

ಉಳಿಸುವಂಥದು ಎಂದೆ, ಆದರೆ ಈ ಕೆಫೆಯಲ್ಲಿ ಅದು ಉಳಿದಿಲ್ಲ. ಅಂಗಳಕ್ಕೆ ಪಾಲಿಕಾರ್ಬೊನೇಟ್ ಶೀಟು ಹೊದಿಸಿಬಿಟ್ಟಿದ್ದಾರೆ. ಮಾಲೀಕರ ಕಷ್ಟ ನನಗೆ ಅರ್ಥವಾಗದ್ದೇನಲ್ಲ. ಮರಾಕೆಶ್‌ನಲ್ಲಿ ವರ್ಷಕ್ಕೆ 250 ಮಿಲಿಮೀಟರ್ ಮಳೆ ಬಿದ್ದರೆ ದೊಡ್ಡದು. ನಮ್ಮ ಕರಾವಳಿಯಲ್ಲಿ 3000 ಮಿಲಿಮೀಟರಿಗೂ ಹೆಚ್ಚು, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಅಂಗಳದಲ್ಲಿ ಮೇಜು ಹಾಕಿ ವ್ಯಾಪಾರ ಮಾಡುವವರು ಜೂನ್ ತಿಂಗಳಲ್ಲಿ ಏನು ಮಾಡಬೇಕು? ಆದರೂ ಶೀಟಿನ ಆಯ್ಕೆ ಒಳ್ಳೆಯದಾಗಿಲ್ಲ. ತುಸು ನೀಲಿ ಛಾಯೆಯ, ಏಣುಗಳಿರುವ ಶೀಟು ಅದು. ಮೇಲೆ ಆಗಲೇ ಪಾಚಿ ಹಿಡಿದಿದೆ. ಕೆಳಗೆ ಬಂದ ಬೆಳಕು ನೀಲಿ-ಹಸಿರಿನ ಮಿಶ್ರಣ, ಸೂರಿನ ನೆರಳಿಗೆ ಅಂಚೇ ಇಲ್ಲ. ಬೆಳಕಿಗೆ ತಕ್ಕಂತೆ ಬಣ್ಣವನ್ನು ತಾನೇ ಸರಿಪಡಿಸುವ ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್ ಇಲ್ಲಿ ಚಿತ್ರಕ್ಕೊಂದು ಬಣ್ಣ ಕೊಡುತ್ತದೆ. ಬೂದು ಬಣ್ಣದ ಕಾರ್ಡೊಂದನ್ನು ಅಂಗಳದ ನಡುವೆ ಹಿಡಿದು ಮೊದಲ ಚಿತ್ರ ತೆಗೆದುಕೊಂಡು, ಅದರ ಅಳತೆಯನ್ನೇ ಉಳಿದೆಲ್ಲಕ್ಕೂ ಹಾಕಿದರೆ ಅರ್ಧ ತಲೆನೋವು ಕಡಿಮೆಯಾಗುತ್ತದೆ. ಮನೆಯ ಹಿಂಭಾಗದಲ್ಲಿ ಈಗಲೂ ವಾಸವಿರುವ ಹಿರಿಯಮ್ಮ ನನ್ನ ಟ್ರೈಪಾಡನ್ನು ನೋಡುತ್ತ ಕುಳಿತಿದ್ದರು. "ಮಳೆ ಬಂದ್ರೆ ಅಂಗಳದಲ್ಲಿ ನೀರು ಕುಣೀತಿತ್ತು ತಮಾ, ಈಗ ಬರೀ ಸಪ್ಪಳ ಕೇಳ್ತು" ಎಂದರು. ಮಗ ಕೌಂಟರಿನಿಂದಲೇ, "ಆಯಿ, ಗಿರಾಕಿ ಕೂರಡ್ದ?" ಎಂದು ನಕ್ಕರು. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ನನ್ನ ಸಲಹೆ ಕೇಳಿದ್ದರೆ, ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಾತ್ರ ಹೊದಿಸಿ ಉಳಿದ ತಿಂಗಳು ಸರಿಸಿಡುವ ಹಳಿಯ ಮಾಡನ್ನು ಸೂಚಿಸುತ್ತಿದ್ದೆ. ಮಳೆಗಾಲಕ್ಕೆ ಮುನ್ನ ಗಾಳಿಯ ಬದಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ, ನಂತರ ಬಿಚ್ಚುವುದು ಈ ಮನೆಗಳಿಗೆ ಹೊಸ ರೂಢಿಯೇನಲ್ಲ.

ಒಂದು ವಿಷಯದಲ್ಲಿ ಮಾತ್ರ ಈ ಶೀಟು ಉಪಕಾರಿ. ತಟ್ಟೆ, ಲೋಟಗಳ ಚಿತ್ರಕ್ಕೆ ಬೇಕಾದ ಮೆದು ಬೆಳಕು ಇಲ್ಲಿ ದಿನವಿಡೀ ಪುಕ್ಕಟೆಯಾಗಿ ಸಿಗುತ್ತದೆ. ತಿಂಡಿಯ ಚಿತ್ರ ತೆಗೆದು ಹಾಕುವವರು ಈ ಕೆಫೆಯನ್ನು ಹೊಗಳುತ್ತಿರುವುದಕ್ಕೆ ಇದೇ ಕಾರಣವಿರಬೇಕು.

ನೆಲದ ವಿಷಯಕ್ಕೆ ಬರೋಣ. ಅಂಗಳದ ಸುತ್ತಲಿನ ಜಗುಲಿಯ ಎರಡು ಬದಿಗಳಲ್ಲಿ ಹಳೆಯ ಕೆಂಪು ಗಾರೆ ನೆಲವನ್ನು ಹಾಗೆಯೇ ಬಿಟ್ಟಿದ್ದಾರೆ. ಉಳಿದೆರಡು ಬದಿಗಳಿಗೆ ಮೊರಾಕ್ಕೊ ಚಿತ್ತಾರ ಅಚ್ಚೊತ್ತಿದ ವಿಟ್ರಿಫೈಡ್ ಟೈಲ್ಸ್ ಹಾಕಿದ್ದಾರೆ. ಫೆಜ್‌ನಲ್ಲಿ ಝೆಲ್ಲಿಜ್ ಎಂಬ ಹಂಚಿನ ಚೂರುಗಳ ಜೋಡಣೆಯ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಈ ಅಚ್ಚು ಎಲ್ಲಿ ಸೋಲುತ್ತದೆಂದು ಕೂಡಲೇ ತಿಳಿಯುತ್ತದೆ. ಅಲ್ಲಿ ಅಂಗೈಯಗಲದ ಮೆರುಗಿನ ಮಣ್ಣಿನ ಬಿಲ್ಲೆಗಳನ್ನು ಹರಿತವಾದ ಭಾರದ ಸುತ್ತಿಗೆಯಿಂದ ಕುಟ್ಟಿ ಕುಟ್ಟಿ ನಕ್ಷತ್ರ, ಪಟ್ಟಿ, ದಳಗಳ ಆಕಾರಕ್ಕೆ ತರುತ್ತಾರೆ. ಫಲಕ ಮಾಡುವಾಗ ಆ ಚೂರುಗಳನ್ನು ಮುಖ ಕೆಳಗಾಗಿ ಜೋಡಿಸಿ, ಬೆನ್ನಿಗೆ ಗಚ್ಚು ಸುರಿಯುತ್ತಾರೆ. ಎತ್ತಿ ನಿಲ್ಲಿಸಿದಾಗ ಪ್ರತಿ ಚೂರೂ ಕೂದಲೆಳೆಯಷ್ಟು ಬೇರೆ ಕೋನದಲ್ಲಿ ಕೂತಿರುತ್ತದೆ, ಬಣ್ಣದಲ್ಲೂ ಒಂದು ಪಾಲು ಹೆಚ್ಚು ಕಡಿಮೆ ಇರುತ್ತದೆ. ಬೆಳಕು ಬಿದ್ದಾಗ ಕೆಲವು ಮಿಂಚುತ್ತವೆ, ಕೆಲವು ಮಂಕಾಗುತ್ತವೆ. ಕ್ಯಾಮೆರಾವನ್ನು ಒಂದಡಿ ಸರಿಸಿದರೆ ಮಿಂಚಿದ್ದು ಮಂಕಾಗಿ, ಮಂಕಾದದ್ದು ಮಿಂಚುತ್ತದೆ. ಇಲ್ಲಿಯ ಟೈಲ್ಸ್ ಗಾಜಿನಷ್ಟು ಸಮತಟ್ಟು, ಎರಡೆರಡು ಅಡಿಗೆ ಅದೇ ಚಿತ್ತಾರ ಮರುಕಳಿಸುತ್ತದೆ. ಒಂದು ಟೈಲಿನ ಅಚ್ಚಿನಲ್ಲಿರುವ ನೀಲಿ ದಳದ ಮೇಲಿನ ಸಣ್ಣ ಮಚ್ಚೆ ಪಕ್ಕದ ಟೈಲಿನಲ್ಲೂ ಅದೇ ಜಾಗದಲ್ಲಿ ಕಾಣುತ್ತದೆ. ನಿಂತು ನೋಡುವ ಗಿರಾಕಿಗೆ ಇದು ಕಾಣದಿದ್ದರೂ ಅಗಲ ಲೆನ್ಸಿನ ಚಿತ್ರವನ್ನು ದೊಡ್ಡದು ಮಾಡಿದಾಗ ಎದ್ದು ತೋರುತ್ತದೆ. ಜೊತೆಗೆ ಮೇಲಿನ ದೀಪಗಳ ಸಾಲು ಸಾಲು ಪ್ರತಿಬಿಂಬ. ಪೋಲರೈಸರ್ ಫಿಲ್ಟರ್ ಇದ್ದವರು ನೆಲವನ್ನು ಓರೆಯಾಗಿ, ನೆಟ್ಟ ಗೆರೆಯಿಂದ ಸುಮಾರು 55 ಡಿಗ್ರಿ ಕೋನದಲ್ಲಿ ನೋಡುವಂತೆ ನಿಂತು ಫಿಲ್ಟರನ್ನು ತಿರುಗಿಸಿದರೆ ಪ್ರತಿಬಿಂಬ ಬಹುಪಾಲು ಮಾಯವಾಗುತ್ತದೆ. ಆದರೆ ಅಷ್ಟೆಲ್ಲ ಪಾಡು ಪಡುವುದಕ್ಕಿಂತ ಕೆಂಪು ಗಾರೆಯ ಬದಿಗೆ ಹೋಗಿ ಕೂರುವುದು ಲೇಸು. ದಶಕಗಳ ಕಾಲ ತೆಂಗಿನೆಣ್ಣೆ ಕುಡಿದ ಆ ನೆಲದಲ್ಲಿ ಕಂಬದ ಪ್ರತಿಬಿಂಬ ನೀರಿನಲ್ಲಿ ಕಂಡಂತೆ ಅರೆಬರೆಯಾಗಿ ಕಾಣುತ್ತದೆ, ಮತ್ತು ಬಿರುಕುಗಳ ಗೆರೆ ಅದನ್ನು ಅಲ್ಲಲ್ಲಿ ಕಡಿಯುತ್ತದೆ.

ಗೋಡೆಯ ಸುಣ್ಣದ ಬಗ್ಗೆಯೂ ಒಂದು ಮಾತು. ಮರಾಕೆಶ್‌ನಲ್ಲಿ ತದೆಲಾಕ್ತ್ ಎಂಬ ಗಾರೆಯಿದೆ: ಅಲ್ಲಿಯ ಸುಣ್ಣವನ್ನು ಗೋಡೆಗೆ ಮೆತ್ತಿ, ನಯವಾದ ಕಲ್ಲಿನಿಂದ ಉಜ್ಜಿ, ಆಲಿವ್ ಎಣ್ಣೆಯ ಕಪ್ಪು ಸಾಬೂನಿನಿಂದ ಮತ್ತೆ ಉಜ್ಜಿದಾಗ ನೀರು ಹೀರದ, ಮಂದವಾಗಿ ಹೊಳೆಯುವ ಮೈ ಬರುತ್ತದೆ. ಇಲ್ಲಿ ಅದರ ಅನುಕರಣೆಗೆ ಸಿಮೆಂಟಿನ ಮೇಲೆ ಗುಲಾಬಿ ಟೆಕ್ಸ್ಚರ್ ಪೇಂಟ್ ಬಳಿದಿದ್ದಾರೆ. ಪಕ್ಕದ ಬೆಳಕಿನಲ್ಲಿ ಬ್ರಷ್ಷಿನ ಗೆರೆಗಳು ಎದ್ದು ಕಾಣುತ್ತವೆ. ಕಪ್ಪೆಚಿಪ್ಪು ಸುಟ್ಟು ಸುಣ್ಣ ಮಾಡಿದ, ಬಿಳಿ ಗಾರೆಯ ಮೇಲೆ ಕೆಮ್ಮಣ್ಣು ಹಚ್ಚಿ ಕೊರೆದು ಕಾವಿ ಚಿತ್ರ ಬರೆದ ಕರಾವಳಿ ನಮ್ಮದು. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳಲ್ಲಿ ಆ ಕೆಲಸವನ್ನು ಈಗಲೂ ನೋಡಬಹುದು. ಈ ಮನೆಯಲ್ಲೂ ಮಾಳಿಗೆಗೆ ಹತ್ತುವ ಏಣಿಯ ಪಕ್ಕ, ಬಚ್ಚಲಿನ ಕಡೆಗೆ ಹೋಗುವ ಓಣಿಯಲ್ಲಿ ಹಳೆಯ ಸುಣ್ಣದ ಗೋಡೆಯ ಒಂದು ತುಂಡು ಉಳಿದಿದೆ. ಮಗ್ಗುಲಿಗೆ ಮರದ ಸರಳಿನ ಕಿಟಕಿ. ಬೆಳಗ್ಗೆ ಒಂಬತ್ತರ ಸುಮಾರಿಗೆ ಸರಳುಗಳ ನೆರಳು ಆ ಗೋಡೆಯ ಮೇಲೆ ಓರೆಯಾಗಿ ಬೀಳುತ್ತದೆ. ಅಲ್ಲಿ ಒಂದು ಒಡಕು ಕುರ್ಚಿಯನ್ನೂ ನೀರಿನ ಕ್ಯಾನುಗಳನ್ನೂ ಪೇರಿಸಿಟ್ಟಿದ್ದಾರೆ. ಕೇಳಿಕೊಂಡರೆ ಹುಡುಗರು ಸರಿಸಿಕೊಡುತ್ತಾರೆ.

ದೀಪಗಳು. ತೂತು ಕೊರೆದ ಹಿತ್ತಾಳೆ ಲಾಂದ್ರಗಳನ್ನು ಸಾಲಾಗಿ ತೂಗುಹಾಕಿದ್ದಾರೆ. ಮೊರಾದಾಬಾದಿನಿಂದ ತರಿಸಿದ್ದೆಂದು ಮಾಲೀಕರೇ ಹೇಳಿದರು, ಕೆಲಸವೂ ಅಚ್ಚುಕಟ್ಟಾಗಿದೆ. ಆದರೆ ಒಳಗೆ ಹಾಕಿರುವುದು ಹಾಲುಗಾಜಿನ ಎಲ್‌ಇಡಿ ಬಲ್ಬು. ತೂತಿನ ಚಿತ್ತಾರ ಗೋಡೆಯ ಮೇಲೆ ಮೂಡಬೇಕಾದರೆ ಬೆಳಕು ಒಂದು ಸಣ್ಣ ಬಿಂದುವಿನಿಂದ ಹೊರಡಬೇಕು. ಹಾಲುಗಾಜಿನ ಉಂಡೆಯಿಂದ ಹೊರಟ ಬೆಳಕಿನಲ್ಲಿ ನೆರಳಿಗೆ ನೆರಳು ಕಲೆಸಿ ಗೋಡೆಯ ಮೇಲೆ ಬರೀ ಮಬ್ಬು ಮಚ್ಚೆ ಉಳಿಯುತ್ತದೆ. ಪಾರದರ್ಶಕ ಗಾಜಿನ ಚಿಕ್ಕ ಬಲ್ಬು ಹಾಕಿದರೆ ಮುಗಿಯುವ ಕೆಲಸ, ಖರ್ಚೂ ಹೆಚ್ಚಿಲ್ಲ. ಈ ಬಲ್ಬುಗಳ ಇನ್ನೊಂದು ಉಪದ್ರವವೆಂದರೆ ಅವುಗಳ ಕಣ್ಣಿಗೆ ಕಾಣದ ಮಿಣುಕು. ನಮ್ಮ ವಿದ್ಯುತ್ತು 50 ಹರ್ಟ್ಸಿನದ್ದಾದ್ದರಿಂದ ಅಗ್ಗದ ಎಲ್‌ಇಡಿ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ; ಶಟರ್ ವೇಗವನ್ನು ಹೆಚ್ಚಿಸಿದರೆ, ಅದರಲ್ಲೂ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿನಲ್ಲಿ, ಚಿತ್ರದ ಮೇಲೆ ಅಡ್ಡಪಟ್ಟಿಗಳು ಬೀಳುತ್ತವೆ. ಸೆಕೆಂಡಿನ ನೂರನೇ ಒಂದು ಅಥವಾ ಐವತ್ತನೇ ಒಂದು ಭಾಗಕ್ಕೆ ಇಟ್ಟುಕೊಂಡರೆ ಈ ಕಾಟವಿಲ್ಲ. ಸಾಧ್ಯವಾದರೆ ಹಗಲಿನಲ್ಲಿ ದೀಪ ಆರಿಸಲು ಕೇಳಿ. ಹಳದಿ ಬಲ್ಬು, ನೀಲಿ ಶೀಟು ಎರಡರ ನಡುವೆ ಸಿಕ್ಕ ಬಿಳಿ ಅಂಗಿಗೆ ಎರಡು ಬಣ್ಣ ಬಂದಿರುವುದನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಪಡಿಸುವುದು ಬೇಸರದ ಕೆಲಸ.

ಮರದ ಕಂಬಗಳ ನಡುವೆ ಪ್ಲೈವುಡ್ಡಿನ ಕುದುರೆಲಾಳದ ಕಮಾನುಗಳನ್ನು ಕೂರಿಸಿರುವುದರ ಬಗ್ಗೆ ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ.

ಈ ಮನೆಯ ಅತ್ಯುತ್ತಮ ಚಿತ್ರ ಸಿಗುವುದು ಯಾರೂ ಫೋನು ಹಿಡಿದು ಹೋಗದ ಅಡುಗೆಮನೆಯಲ್ಲಿ. ಮಾಡಿನಲ್ಲಿ ಹಿಂದಿನಿಂದಲೂ ಒಂದೇ ಒಂದು ಗಾಜಿನ ಹೆಂಚು ಇದೆ, ಬಹುಶಃ ಒಲೆಯ ಮೇಲೆ ಬೆಳಕು ಬೀಳಲೆಂದು ಹಾಕಿದ್ದು. ಗ್ಯಾಸಿನ ಒಲೆಗಳನ್ನು ಬೇರೆ ಕಡೆ ಜೋಡಿಸಿಕೊಂಡಿದ್ದರೂ ಹಳೆಯ ಮಣ್ಣಿನ ಒಲೆಯಲ್ಲಿ ಈಗಲೂ ಗೋಡಂಬಿ, ಶೇಂಗಾ ಹುರಿಯುತ್ತಾರೆ. ಹನ್ನೊಂದರ ನಂತರ ಆ ಗಾಜಿನಿಂದ ಇಳಿದ ಬಿಸಿಲು ಹೊಗೆಯೊಳಗೆ ಒಂದು ಓರೆ ಕಂಬವಾಗಿ ನಿಲ್ಲುತ್ತದೆ. ಹುರಿಯುವ ಹೆಂಗಸು ಸಟ್ಟುಗ ಎತ್ತಿದಾಗಲೆಲ್ಲ ಆ ಕಂಬದಲ್ಲಿ ಅವರ ಮುಂಗೈ, ಬಳೆಗಳು ಒಂದು ಕ್ಷಣ ಬೆಳಗಿ ಮತ್ತೆ ಕತ್ತಲಿಗೆ ಹೋಗುತ್ತವೆ. ಬೆಳಕಿನ ಭಾಗವನ್ನು ಅಳೆದು ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾದೊಳಗೆ ಬಿಡುವ ಬೆಳಕಿನ ಪ್ರಮಾಣ, ಕಟ್ಟಿಕೊಳ್ಳಬೇಕು, ಸುತ್ತಲಿನ ಕತ್ತಲನ್ನು ಕತ್ತಲಾಗಿಯೇ ಬಿಡಬೇಕು. ಫೋನಿನಲ್ಲಾದರೆ ಬೆಳಕು ಬಿದ್ದ ಜಾಗದ ಮೇಲೆ ಬೆರಳು ಒತ್ತಿ ಹಿಡಿದು, ಅಳತೆ ಬೀಗವಾದ ಮೇಲೆ ಇನ್ನೂ ತುಸು ಕೆಳಗೆಳೆದು ತೆಗೆಯಿರಿ. ಇಲ್ಲದಿದ್ದರೆ ಫೋನು ತಾನಾಗಿ ಮಸಿ ಹಿಡಿದ ಗೋಡೆಯನ್ನೆಲ್ಲ ಬೆಳಗಿಸಲು ಹೋಗಿ ಎಲ್ಲವನ್ನೂ ಬೂದಿ ಮಾಡುತ್ತದೆ. ಒಳಗೆ ಹೋಗುವ ಮುನ್ನ ಅಡುಗೆಯವರನ್ನು ಕೇಳಲೇಬೇಕು, ಕೇಳಿದರೆ ಬೇಡವೆನ್ನುವುದಿಲ್ಲ.

ಒಳಾಂಗಣದ ಒಟ್ಟು ಚಿತ್ರ ತೆಗೆಯುವವರಿಗೆ ಕೆಲವು ವಿವರಗಳು. ಅಂಗಳ ಸುಮಾರು 18 ಅಡಿ ಉದ್ದ, 14 ಅಡಿ ಅಗಲ, 24 ಎಂ.ಎಂ. ಲೆನ್ಸು ಸಾಕಾಗುತ್ತದೆ. 16 ಎಂ.ಎಂ. ಹಾಕಿದರೆ ಅಂಚಿನ ಕಂಬಗಳು ಉಬ್ಬಿ, ತಗ್ಗಿನ ಸೂರು ಆಕಾಶಕ್ಕೆ ಎದ್ದಂತೆ ಕಂಡು, ಈ ಮನೆಯ ಗುಣವಾದ ಆ ತಗ್ಗಿದ ಆಪ್ತತೆಯೇ ಹೋಗಿಬಿಡುತ್ತದೆ. ಕ್ಯಾಮೆರಾವನ್ನು ಕಣ್ಣೆತ್ತರಕ್ಕೆ ಇಡುವ ಬದಲು ಎದೆಗಿಂತ ಕೆಳಗೆ, ಸುಮಾರು ನಾಲ್ಕಡಿ ಎತ್ತರಕ್ಕೆ ಇಟ್ಟು, ಮೇಲೂ ಕೆಳಗೂ ಬಾಗಿಸದೆ ಸಮಮಟ್ಟದಲ್ಲಿ ಹಿಡಿದರೆ ಕಂಬಗಳು ನೆಟ್ಟಗೆ ನಿಲ್ಲುತ್ತವೆ. ಅಂಗಳಕ್ಕೂ ಜಗುಲಿಯ ಒಳಮೂಲೆಗೂ ಬೆಳಕಿನಲ್ಲಿ ಐದಾರು ಸ್ಟಾಪಿನ ಅಂತರವಿದೆ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವಷ್ಟು ಅಂತರ). ಎರಡೆರಡು ಸ್ಟಾಪಿನ ಅಂತರದಲ್ಲಿ ಮೂರು ಚಿತ್ರ ತೆಗೆದು ಕೂಡಿಸಬಹುದು, ಆದರೆ ಕೂಡಿಸುವಾಗ ಮೂಲೆಯ ಕತ್ತಲನ್ನು ಪೂರ್ತಿ ಓಡಿಸಬೇಡಿ. ಮಳೆಗಾಲದಲ್ಲಿ ಬರುವವರು ಎ.ಸಿ. ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ತೆಗೆದರೆ ಗಾಜಿನ ಮೇಲೆ ಹಬೆ ಕೂರುತ್ತದೆ. ಚೀಲದೊಳಗೇ ಇಪ್ಪತ್ತು ನಿಮಿಷ ಬಿಟ್ಟು, ಅಷ್ಟರಲ್ಲಿ ಚಹಾ ಕುಡಿಯಿರಿ.

ಆ ಚಹಾ ಚೆನ್ನಾಗಿದೆ. ಮೊರಾಕ್ಕೊದಲ್ಲಿ ಚೀನಾದಿಂದ ಬಂದ, ಗುಂಡಗೆ ಸುರುಟಿದ ಹಸಿರು ಚಹಾ ಎಲೆಗೆ ಪುದೀನ ಮತ್ತು ಕೈತುಂಬ ಸಕ್ಕರೆ ಹಾಕಿ, ಎತ್ತರದಿಂದ ಸಣ್ಣ ಗಾಜಿನ ಲೋಟಕ್ಕೆ ನೊರೆ ಬರುವಂತೆ ಸುರಿಯುತ್ತಾರೆ. ಇಲ್ಲಿಯ ಹುಡುಗನ ಕೈಚಳಕವೂ ಕಡಿಮೆಯದಲ್ಲ. ಮೊಳದೆತ್ತರದಿಂದ ಸುರಿದರೂ ತಟ್ಟೆಗೆ ಹನಿ ಬೀಳಲಿಲ್ಲ. ಲೋಟದ ಹಿಂದೆ ಬಿಸಿಲಿರುವಂತೆ ಕೂತು, ಧಾರೆಯನ್ನು ಸೆಕೆಂಡಿನ ಐನೂರನೇ ಒಂದು ಭಾಗದಲ್ಲಿ ಹಿಡಿಯಬಹುದು, ದೀಪದಿಂದ ದೂರ ಕೂತರೆ ಪಟ್ಟಿಗಳ ಭಯವಿಲ್ಲ. ಬೆಲೆ 160 ರೂಪಾಯಿ, ಸ್ವಲ್ಪ ಜಾಸ್ತಿಯೇ. ತಜೀನ್ ಎಂದು ಕೊಡುವ ತರಕಾರಿ ಪದಾರ್ಥವನ್ನು ಬಾಣಲೆಯಲ್ಲಿ ಬೇಯಿಸಿ, ಶಂಕುವಿನಾಕಾರದ ಮುಚ್ಚಳದ ಮಣ್ಣಿನ ಪಾತ್ರೆಗೆ ಬಗ್ಗಿಸಿ ತರುತ್ತಾರೆ. ಹಬೆ ಆ ಎತ್ತರದ ಮುಚ್ಚಳಕ್ಕೆ ತಾಗಿ ತಣಿದು, ಮತ್ತೆ ಪದಾರ್ಥಕ್ಕೇ ಇಳಿಯುತ್ತ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯುವುದೇ ಆ ಪಾತ್ರೆಯ ಉಪಯೋಗ. ಇಲ್ಲಿ ಅದು ಮುಚ್ಚಳ ಎತ್ತುವ ವಿಡಿಯೊಗೆ ಮಾತ್ರ ಉಪಯೋಗವಾಗುತ್ತಿದೆ. ರುಚಿ ಗರಂ ಮಸಾಲೆಯ ಸಾಗುವಿನದು.

ಮೆನು ಕಾರ್ಡಿನ ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ಮುರುಗಲು ಶರಬತ್ತು, ಕಷಾಯ ಮತ್ತು ತೊಡದೇವು ಇವೆ. ತೊಡದೇವನ್ನು ತರಿಸಿಕೊಳ್ಳದೆ ಬರಬೇಡಿ. ಕಬ್ಬಿನ ಹಾಲು ಬೆರೆಸಿದ ಅಕ್ಕಿ ಹಿಟ್ಟನ್ನು ಬೋರಲು ಹಾಕಿದ ಬಿಸಿ ಮಡಕೆಯ ಮೇಲೆ ಬಟ್ಟೆಯಿಂದ ಎಳೆದು, ಕಾಗದದಷ್ಟು ತೆಳ್ಳಗೆ ತೆಗೆದ ಹಾಳೆ ಅದು. ಶೀಟಿನ ಕೆಳಗೆ ಅದನ್ನು ಚಿತ್ರಿಸಿದರೆ ಒಣಗಿದ ಎಲೆಯಂತೆ ಕಂಡೀತು. ಹೊರ ಜಗುಲಿಗೆ ತಂದು, ಬೆಳಕಿಗೆ ಅಡ್ಡ ಹಿಡಿದರೆ ಮಡಿಕೆಯ ಒಂದೊಂದು ಪದರವೂ ಬೇರೆ ಬೇರೆ ಹೊಂಬಣ್ಣದಲ್ಲಿ ಕಾಣುತ್ತದೆ, ಬಟ್ಟೆ ಎಳೆದ ಗೆರೆಗಳ ಸಹಿತ. ಮುರುಗಲು ಶರಬತ್ತಿನ ಕೆಂಪಿಗೂ ಇದೇ ಉಪಾಯ.

ಕೊನೆಗೆ ಶುಲ್ಕ ಮತ್ತು ಕಾಗದಪತ್ರ. ಫೋನಿಗೆ, ಕೈಯಲ್ಲಿ ಹಿಡಿದ ಕ್ಯಾಮೆರಾಕ್ಕೆ ಏನೂ ಕೊಡಬೇಕಾಗಿಲ್ಲ. ಟ್ರೈಪಾಡ್ ಇಟ್ಟರೆ ಗಂಟೆಗೆ 500 ರೂಪಾಯಿ, ಪ್ರಿ-ವೆಡ್ಡಿಂಗ್ ಚಿತ್ರೀಕರಣಕ್ಕೆ ಅರ್ಧ ದಿನಕ್ಕೆ 6000 ರೂಪಾಯಿ. ಭಾನುವಾರ ಏಕಕಾಲಕ್ಕೆ ಎರಡು ಮೂರು ಜೋಡಿಗಳಿಗೆ ಅವಕಾಶ ಕೊಟ್ಟುಬಿಡುವುದರಿಂದ ಒಬ್ಬರ ಚಿತ್ರದಲ್ಲಿ ಇನ್ನೊಬ್ಬರ ಸೆರಗು ಬರುತ್ತದೆ. ವಾರದ ನಡುವಿನ ದಿನವನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಹಣ ಕಟ್ಟುವಾಗ ಒಂದು ಫಾರಂಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದರ ನಾಲ್ಕನೆಯ ಸಾಲಿನಲ್ಲಿ, ಇಲ್ಲಿ ತೆಗೆದ ಎಲ್ಲ ಚಿತ್ರಗಳನ್ನೂ ಹೆಸರು ಹಾಕದೆಯೇ, ಯಾವಾಗ ಬೇಕಾದರೂ ಬಳಸಿಕೊಳ್ಳುವ ಹಕ್ಕು ಕೆಫೆಯದು ಎಂದಿದೆ. ಇದನ್ನು ಓದದೆ ಸಹಿ ಹಾಕಬಾರದು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ ಚಿತ್ರ ತೆಗೆದವನೇ ಸಾಮಾನ್ಯವಾಗಿ ಅದರ ಮೊದಲ ಒಡೆಯ. ಆದರೆ ಹಣ ಕೊಟ್ಟು ಯಾರಾದರೂ ತೆಗೆಸಿಕೊಂಡ ಚಿತ್ರಕ್ಕೆ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿಕೊಂಡವರೇ ಒಡೆಯರು. ಅಂದರೆ ಮದುವೆ ಜೋಡಿಯ ಚಿತ್ರಗಳ ಹಕ್ಕನ್ನು ಬರೆದುಕೊಡಲು ಫೋಟೊಗ್ರಾಫರನಿಗೆ ಅಧಿಕಾರವೇ ಇರುವುದಿಲ್ಲ. ಜೋಡಿಗೆ ಗೊತ್ತಿಲ್ಲದೆ ಅವರ ಮುಖ ನಾಳೆ ಕೆಫೆಯ ಫಲಕದಲ್ಲಿ ಕಂಡರೆ ಬಯ್ಗುಳ ತಿನ್ನಬೇಕಾದವನು ಅವನೇ. ನಾನು ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ ಕೊಟ್ಟೆ. ಕೌಂಟರಿನಲ್ಲಿದ್ದವರು ಮರುಮಾತಿಲ್ಲದೆ ತೆಗೆದುಕೊಂಡು ರಸೀದಿ ಹರಿದುಕೊಟ್ಟರು. ಹೊಡೆದ ಸಾಲು ಕಾಣುವಂತೆ ಆ ಫಾರಂನ ಒಂದು ಚಿತ್ರವನ್ನೂ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ.